ಬೆಳಗಾಗ್ಲಿ ನೋಡುವ ಅನ್ನೋಕೆ ಮುಂಚೆ: ಅಪೆಂಡಿಕ್ಸ್ ಹೊಟ್ಟೆನೋವು ಗುರುತಿಸೋದು ಹೇಗೆ

ನಮ್ಮ ಕಡೆ ಹೊಟ್ಟೆನೋವಿಗೆ ಒಂದು ಪದ್ಧತಿ ಇದೆ. ರಾತ್ರಿ ನೋವು ಬಂದ್ರೆ ಮೊದ್ಲು ಓಮದ ಕಷಾಯ, ಅದಕ್ಕೆ ಬಗ್ಗದಿದ್ರೆ ಗ್ಯಾಸಿನ ಮಾತ್ರೆ, ಅದಕ್ಕೂ ಬಗ್ಗದಿದ್ರೆ ಪಕ್ಕದ ಮನೆ ಅಜ್ಜಿ ಬಂದು ಹೊಕ್ಕಳು ಮುಟ್ಟಿ ನೋಡಿ ಬಟ್ಟಿ ಜಾರಿದೆ ಅಂತ ಎಣ್ಣೆ ಹಾಕಿ ತಿಕ್ಕೋದು, ಕಡೆಗೆ "ಬೆಳಗಾಗ್ಲಿ, ನೋಡುವ". ಹೆಚ್ಚಿನ ಸಲ ಬೆಳಗಾಗೋದ್ರೊಳಗೆ ನೋವು ಹೋಗಿರ್ತದೆ, ಅದಕ್ಕೇ ಈ ಪದ್ಧತಿ ಇಷ್ಟು ವರ್ಷ ಉಳ್ಕೊಂಡಿದ್ದು. ನಂದು ಹೋಗ್ಲಿಲ್ಲ.

ಆಗ ನಂಗೆ ಹತ್ತೊಂಬತ್ತು. ಶಿರಸಿ–ಸಿದ್ದಾಪುರದ ನಡುವೆ ಒಳಗಿನ ಊರು, ಜೂನ್ ಮಳೆ, ಮಧ್ಯಾಹ್ನ ಹಲಸಿನ ಹಣ್ಣು ಸಮಾ ತಿಂದಿದ್ದೆ, ಹಾಗಾಗಿ ರಾತ್ರಿ ಹೊಕ್ಕಳ ಸುತ್ತ ಹಿಂಡಿದ ಹಾಗೆ ನೋವು ಬಂದಾಗ ಎಲ್ರೂ ಹಲಸಿನ ಹಣ್ಣಿಗೇ ಬೈದ್ರು. ಮಾರನೇ ದಿನ ನೋವು ಬಲಗಡೆ ಕೆಳಗೆ ಇಳೀತು, ಕಾಲು ಚಾಚಿದ್ರೆ ಜೀವ ಹೋಗ್ತಿತ್ತು, ಅದಕ್ಕೆ ಮಡಚ್ಕೊಂಡೇ ಮಲಗಿದ್ದೆ. ಮೂರನೇ ದಿನ ಬೆಳಿಗ್ಗೆ ನೋವು ಇದ್ದಕ್ಕಿದ್ದ ಹಾಗೆ ಅರ್ಧ ಆಯ್ತು, ಮನೆಯಲ್ಲಿ ಎಲ್ರಿಗೂ ಖುಷಿ, ಅಮ್ಮ ಗಂಜಿ ಕೊಟ್ಟಳು, ನಾನೂ ಉಂಡೆ. ಸಂಜೆಗೆ ಹೊಟ್ಟೆ ಹಲಗೆ ಆಗಿತ್ತು, ಮೈ ಸುಡ್ತಿತ್ತು. ನೋವು ಕಮ್ಮಿ ಆಗಿದ್ದು ವಾಸಿಯಾಗಿ ಅಲ್ಲ, ಅಪೆಂಡಿಕ್ಸ್ ಒಳಗೇ ಒಡೆದಿತ್ತು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆ, ಮೊದಲ ದಿನ ಬಂದಿದ್ರೆ ಎರಡೇ ದಿನದಲ್ಲಿ ಮನೆಗೆ ಕಳಿಸ್ತಿದ್ವಿ ಅಂದ್ರು ಡಾಕ್ಟ್ರು.

ನಾನು ಡಾಕ್ಟರ್ ಅಲ್ಲ ಮತ್ತೆ. ಇದನ್ನ ಓದಿ ಮನೆಯಲ್ಲೇ ತೀರ್ಮಾನ ಮಾಡ್ಬೇಡಿ. ಯಾವಾಗ ಗಾಡಿ ಹತ್ತಬೇಕು ಅಂತ ಗೊತ್ತಾದ್ರೆ ಸಾಕು, ಅದಕ್ಕೇ ಬರೀತಿರೋದು.

ಒಳಗೆ ಆಗೋದೇನು

ಸಣ್ಣ ಕರುಳು ಬಂದು ದೊಡ್ಡ ಕರುಳಿಗೆ ಸೇರೋ ಜಾಗ ಹೊಟ್ಟೆಯ ಬಲಗಡೆ ಕೆಳಗೆ ಇದೆ, ಅಲ್ಲಿ ಕಿರುಬೆರಳಿನ ಹಾಗೆ ಒಂದು ಚೀಲ ನೇತಾಡ್ತದೆ, ಸಾಮಾನ್ಯವಾಗಿ 6ರಿಂದ 10 ಸೆಂ.ಮೀ. ಉದ್ದ. ಅದೇ ಅಪೆಂಡಿಕ್ಸ್. ಅದರ ಬಾಯಿ ಗಟ್ಟಿ ಮಲದ ಚೂರಿಂದಲೋ, ಅಲ್ಲೇ ಇರೋ ಗ್ರಂಥಿ ಊದಿಕೊಂಡೋ, ಅಪರೂಪಕ್ಕೆ ಜಂತುಹುಳದಿಂದಲೋ ಕಟ್ಟಿಕೊಂಡ್ರೆ ಒಳಗಿನ ದ್ರವ ಹೊರಗೆ ಬರೋಕೆ ದಾರಿ ಇಲ್ಲ, ಬ್ಯಾಕ್ಟೀರಿಯಾ ಬೆಳೀತದೆ, ಚೀಲ ಉಬ್ಬಿ ರಕ್ತ ಓಡಾಟ ನಿಲ್ತದೆ, ಗೋಡೆ ಕೊಳೆತು ತೂತು ಬೀಳ್ತದೆ. ಕೀವು, ಮಲ ಎಲ್ಲ ಹೊಟ್ಟೆಯೊಳಗೆ ಹರಡಿದ್ರೆ ಜೀವಕ್ಕೇ ಅಪಾಯ. ಲಕ್ಷಣ ಶುರುವಾದ ಮೊದಲ 36 ಗಂಟೆಯಲ್ಲಿ ಒಡೆಯೋ ಅಪಾಯ ಕಮ್ಮಿ, ಅದು ದಾಟಿದ ಮೇಲೆ ಏರ್ತಾ ಹೋಗ್ತದೆ, ಹಾಗಂತ ಕೆಲವರದ್ದು ಅದಕ್ಕಿಂತ ಬೇಗನೇ ಒಡೆಯೋದೂ ಉಂಟು. ಹತ್ತರಿಂದ ಮೂವತ್ತು ವರ್ಷದವರಲ್ಲಿ ಜಾಸ್ತಿ, ಆದ್ರೆ ಬರಬಾರದು ಅನ್ನೋ ವಯಸ್ಸು ಯಾವುದೂ ಇಲ್ಲ.

ಹಲಸಿನ ಹಣ್ಣಿನ ಬೀಜ ನುಂಗಿದ್ರೆ, ಪೇರಲೆ ಬೀಜ ನುಂಗಿದ್ರೆ ಅಪೆಂಡಿಕ್ಸ್ ಆಗ್ತದೆ ಅಂತ ನಮ್ಮಲ್ಲಿ ಮಕ್ಕಳನ್ನ ಹೆದರಿಸ್ತಾರಲ್ಲ, ಬೀಜ ಹೋಗಿ ಸಿಕ್ಕಿಹಾಕ್ಕೊಳ್ಳೋದು ತೀರಾ ತೀರಾ ಅಪರೂಪ. ಹಣ್ಣು ತಿನ್ನಿ.

ಮೊದ್ಲು ಗಡಿಯಾರ ನೋಡಿ

ನೋವು ಶುರುವಾದ ತಕ್ಷಣ ಟೈಮ್ ಬರೆದಿಡಿ. ಮೊಬೈಲಲ್ಲೋ ಗೋಡೆ ಮೇಲಿನ ಕ್ಯಾಲೆಂಡರಲ್ಲೋ, ಎಲ್ಲಾದ್ರೂ ಸೈ. ನನ್ನನ್ನ ಕರ್ಕೊಂಡು ಹೋದಾಗ ಡಾಕ್ಟ್ರು ಕೇಳಿದ ಮೊದಲ ಪ್ರಶ್ನೆ ಅದೇ, ಅಪ್ಪ ನಿನ್ನೆ ಸಂಜೆಯಿಂದ ಅಂದ್ರು, ಅಮ್ಮ ಮೊನ್ನೆ ರಾತ್ರಿ ಅಂದಳು, ನಂಗೆ ಯಾವ ವಾರ ಅಂತಲೂ ನೆನಪಿರ್ಲಿಲ್ಲ. ನೋವು ಯಾವಾಗ ಬಂತು, ವಾಂತಿ ಎಷ್ಟು ಹೊತ್ತಿಗೆ, ಜಾಗ ಯಾವಾಗ ಬದಲಾಯ್ತು, ಜ್ವರ ಎಷ್ಟಿತ್ತು, ಯಾವ ಮಾತ್ರೆ ತಗೊಂಡ್ರಿ, ಕಡೆಯದಾಗಿ ಊಟ ಎಷ್ಟೊತ್ತಿಗೆ. ಇಷ್ಟು ಬರೆದ ಚೀಟಿ ಇದ್ರೆ ಡಾಕ್ಟ್ರಿಗೆ ಅರ್ಧ ಕೆಲಸ ಕಮ್ಮಿ.

ಆಮೇಲೆ ಯಾವುದರ ಹಿಂದೆ ಯಾವುದು ಬಂತು ನೋಡಿ

ಲಕ್ಷಣಗಳ ಪಟ್ಟಿ ಎಲ್ಲ ಕಡೆ ಸಿಗ್ತದೆ, ಆದ್ರೆ ಅವು ಬಂದ ಸಾಲು ಅದಕ್ಕಿಂತ ಮುಖ್ಯ. ಮಾಮೂಲಿ ಅಪೆಂಡಿಕ್ಸಲ್ಲಿ ಮೊದ್ಲು ಬರೋದು ನೋವು, ಹೊಕ್ಕಳ ಸುತ್ತ ಅಥವಾ ಸ್ವಲ್ಪ ಮೇಲೆ, ಎಲ್ಲಿ ಅಂತ ಬೆರಳಿಟ್ಟು ತೋರಿಸೋಕೆ ಬರಲ್ಲ. ಆಮೇಲೆ ಊಟ ಸೇರಲ್ಲ, ಹೊಟ್ಟೆ ತೊಳೆಸ್ತದೆ, ಒಂದೆರಡು ವಾಂತಿ. ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ನೋವು ಬಲಗಡೆ ಕೆಳಗೆ ಬಂದು ಕೂರ್ತದೆ, ಈಗ ಬೆರಳಿಟ್ಟು ತೋರಿಸಬಹುದು. ಅದರ ನಂತರ ಸಣ್ಣ ಜ್ವರ, 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು.

ವಾಂತಿ–ಭೇದಿ ಮೊದಲು ಶುರುವಾಗಿ ಆಮೇಲೆ ನೋವು ಬಂದ್ರೆ, ಮನೆಯಲ್ಲಿ ಇನ್ನಿಬ್ಬರಿಗೂ ಹಾಗೇ ಆಗಿದ್ರೆ, ಅದು ಊಟದ ದೋಷ ಇರೋ ಸಾಧ್ಯತೆ ಜಾಸ್ತಿ. ಇನ್ನು ಸಿದ್ದಾಪುರ ಕಡೆ ಬೇಸಿಗೆಯಲ್ಲಿ ಜ್ವರ ಅಂದ ಕೂಡ್ಲೇ ಮಂಗನ ಕಾಯಿಲೆ ನೆನಪಾಗ್ತದೆ, ಅದರಲ್ಲಿ ಮೊದಲ ದಿನವೇ ಜೋರು ಜ್ವರ, ತಲೆನೋವು, ಮೈಕೈ ನೋವು, ಇದರ ಹಾಗೆ ಹೊಟ್ಟೆಯಿಂದ ಶುರುವಾಗಲ್ಲ. ಅದಕ್ಕೂ ಆಸ್ಪತ್ರೆಗೆ ಹೋಗಲೇಬೇಕು, ಆ ಮಾತು ಬೇರೆ.

ಬಟ್ಟಿ ಜಾರಿದೆ ಅನ್ನೋ ಕಥೆ ಹುಟ್ಟೋದು ಇಲ್ಲೇ. ನೋವು ಹೊಕ್ಕಳ ಹತ್ರ ಶುರುವಾಗೋದ್ರಿಂದ ಹೊಕ್ಕಳೇ ಸರಿದಿದೆ ಅಂದ್ಕೊಳ್ತಾರೆ. ಅಪೆಂಡಿಕ್ಸಿನ ನರ ಮತ್ತೆ ಹೊಕ್ಕಳ ಸುತ್ತಿನ ಚರ್ಮದ ನರ ಬೆನ್ನುಹುರಿಯಲ್ಲಿ ಒಂದೇ ಕಡೆ ಸೇರ್ತವೆ, ಮೆದುಳಿಗೆ ಎಲ್ಲಿಯ ನೋವು ಅಂತ ಗೊಂದಲ ಆಗ್ತದೆ, ಅಷ್ಟೇ. ಊತ ಹೊಟ್ಟೆಯ ಒಳಪದರಕ್ಕೆ ತಾಗಿದ ಮೇಲೆ ನೋವು ಸರಿಯಾದ ಜಾಗಕ್ಕೆ ಬರ್ತದೆ. ಅಜ್ಜಿ ಮೇಲೆ ನಂಗೇನೂ ಸಿಟ್ಟಿಲ್ಲ, ಆದ್ರೆ ಆ ಹೊಟ್ಟೆ ತಿಕ್ಕೋದು ಮಾತ್ರ ಬೇಡವೇ ಬೇಡ.

ಈ ಸಾಲು ಎಲ್ರಿಗೂ ಹೀಗೇ ಬರಲ್ಲ, ಸುಮಾರು ಅರ್ಧದಷ್ಟು ಜನಕ್ಕೆ ಮಾತ್ರ ಇಷ್ಟು ಚಂದಾಗಿ ಬರ್ತದೆ. ಹಾಗಾಗಿ ಸಾಲು ಸೇರಿದ್ರೆ ಹೊರಡಿ, ಸೇರ್ಲಿಲ್ಲ ಅಂತ ಮನೆಯಲ್ಲಿ ಕೂರ್ಬೇಡಿ.

ಮನೆಯಲ್ಲಿ ನೋಡಬಹುದಾದ ಎರಡ್ಮೂರು

ಹೊಕ್ಕಳು ಮತ್ತೆ ಬಲಗಡೆ ಸೊಂಟದ ಎಲುಬಿನ ಮುಂದಿನ ತುದಿ, ಇವೆರಡರ ನಡುವೆ ಒಂದು ಗೆರೆ ಅಂದ್ಕೊಳ್ಳಿ, ಎಲುಬಿನ ಕಡೆಯಿಂದ ಮೂರರಲ್ಲಿ ಒಂದು ಭಾಗ ಒಳಗೆ ಬಂದ್ರೆ ಸಿಗೋ ಜಾಗ, ಡಾಕ್ಟ್ರುಗಳು ಅದನ್ನ ಮ್ಯಾಕ್‌ಬರ್ನಿ ಪಾಯಿಂಟ್ ಅಂತಾರೆ, 1889ರಲ್ಲಿ ಅಮೆರಿಕದ ಸರ್ಜನ್ ಚಾರ್ಲ್ಸ್ ಮ್ಯಾಕ್‌ಬರ್ನಿ ವಿವರಿಸಿದ್ದು. ಅಲ್ಲೇ ನೋವು ಜಾಸ್ತಿನಾ ಅಂತ ರೋಗಿಯನ್ನೇ ಕೇಳಿ. ಪದೇ ಪದೇ ಒತ್ತಿ ನೋಡೋದು ಬೇಡ, ಮನೆಗೆ ಬಂದ ನೆಂಟರೆಲ್ಲ ಒಬ್ಬೊಬ್ಬರಾಗಿ ಒತ್ತಿ ನೋಡೋದಂತೂ ಬೇಡವೇ ಬೇಡ, ನಂಗೆ ಹಾಗೇ ಮಾಡಿದ್ರು.

ಒತ್ತೋದಕ್ಕಿಂತ ಕೆಮ್ಮಿಸೋದು ಒಳ್ಳೇದು. ಕೆಮ್ಮಿದಾಗ ಬಲಗಡೆ ಚುಚ್ಚಿದ ಹಾಗಾಗ್ತದಾ? ಹಿಮ್ಮಡಿ ಎತ್ತಿ ದಪ್ ಅಂತ ನೆಲಕ್ಕೆ ಬಿಟ್ರೆ ಅಲ್ಲೇ ನೋವಾ? ಮಕ್ಕಳಿಗೆ ಇದನ್ನೆಲ್ಲ ಹೇಳಿ ಪ್ರಯೋಜನ ಇಲ್ಲ, ಕುಂಟಾಬಿಲ್ಲೆ ಆಡೋ ಹಾಗೆ ಒಂದು ಸಲ ಹಾರು ಅನ್ನಿ. ಹಾರಿ ನಕ್ಕರೆ ಸ್ವಲ್ಪ ಸಮಾಧಾನ, ಹಾರೋದೇ ಇಲ್ಲ ಅಂದ್ರೆ, ಬಗ್ಗಿಕೊಂಡು ಬಲಗಡೆ ಹಿಡ್ಕೊಂಡು ನಡೀತಿದ್ರೆ, ಬಟ್ಟೆ ಹಾಕಿ ಹೊರಡಿ.

ಇನ್ನೊಂದು ಟೆಸ್ಟ್ ನಮ್ಮ ರಸ್ತೆಗಳು ಪುಕ್ಕಟೆ ಮಾಡ್ತವೆ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಹೊಟ್ಟೆನೋವಿಂದ ಬಂದವರನ್ನ ದಾರಿಯಲ್ಲಿ ಹಂಪ್ ಮೇಲೆ ಗಾಡಿ ಹತ್ತಿದಾಗ ನೋವು ಜಾಸ್ತಿ ಆಯ್ತಾ ಅಂತ ಕೇಳಿದ್ರು, 2012ರಲ್ಲಿ ಅದು ಪ್ರಕಟ ಆಯ್ತು. ಅಪೆಂಡಿಕ್ಸ್ ಖಾತ್ರಿಯಾದ 34 ಜನರಲ್ಲಿ 33 ಮಂದಿ ಹೌದು ಅಂದಿದ್ರಂತೆ. ಬೇರೆ ಕಾರಣದ ಹೊಟ್ಟೆನೋವಿನವರೂ ತುಂಬಾ ಜನ ಹೌದು ಅಂದಿದ್ರು, ಹಾಗಾಗಿ ಹಂಪಲ್ಲಿ ನೋವಾದ್ರೆ ಅಪೆಂಡಿಕ್ಸೇ ಅಂತ ಹೇಳೋಕಾಗಲ್ಲ, ಆದ್ರೆ ದೇವಿಮನೆ ಘಾಟಿ ಇಳಿಯುವಾಗ ಒಂದೊಂದು ಗುಂಡಿಗೂ ಬಲಗಡೆ ಹಿಡ್ಕೊಂಡು ಅಯ್ಯೋ ಅಂದ್ರೆ ಅದನ್ನ ಡಾಕ್ಟ್ರಿಗೆ ಮರೀದೇ ಹೇಳಿ.

ಮೋಸ ಮಾಡೋ ಅಪೆಂಡಿಕ್ಸ್

ಚೀಲದ ತುದಿ ಎಲ್ರಿಗೂ ಒಂದೇ ಕಡೆ ತಿರುಗಿರಲ್ಲ. ಹಿಂದಕ್ಕೆ ತಿರುಗಿದ್ರೆ ನೋವು ಸೊಂಟದ ಬಲಪಕ್ಕೆಯಲ್ಲಿ, ಬೆನ್ನಲ್ಲಿ ಬರ್ತದೆ, ನಮ್ಮವರು ಉಳುಕು ಅಂತ ಎಣ್ಣೆ ಹಚ್ಚೋದೋ, ಕಲ್ಲು ಅಂತ ಬಾಳೆದಿಂಡಿನ ರಸ ಕುಡಿಸೋದೋ ಮಾಡ್ತಾರೆ. ಕಿಡ್ನಿ ಕಲ್ಲಿನ ನೋವಿರೋರು ಒಂದು ಕಡೆ ಕೂರಲ್ಲ, ಹೊರಳಾಡ್ತಾರೆ, ನೋವು ಪಕ್ಕೆಯಿಂದ ತೊಡೆಸಂದಿಗೆ ಇಳೀತದೆ. ಅಪೆಂಡಿಕ್ಸಿನವರು ಅಲುಗಾಡದೆ ಮಡಚ್ಕೊಂಡು ಮಲಗ್ತಾರೆ. ಚೀಲ ಕೆಳಗೆ ಮೂತ್ರಕೋಶದ ಹತ್ರ ಇಳಿದಿದ್ರೆ ಉರಿಮೂತ್ರ, ಪದೇ ಪದೇ ಮೂತ್ರ, ಸ್ವಲ್ಪ ಸ್ವಲ್ಪ ಭೇದಿ, ಮೂತ್ರದ ಸೋಂಕು ಅಂತ ಮಾತ್ರೆ ಕೊಟ್ಟು ಕಳಿಸಿರ್ತಾರೆ.

ಐದು ವರ್ಷದೊಳಗಿನ ಮಗು ನೋವು ಎಲ್ಲಿ ಅಂತ ಹೇಳಲ್ಲ, ಹಠ ಮಾಡ್ತದೆ, ಊಟ ಬಿಡ್ತದೆ, ಅಷ್ಟೇ, ಅದಕ್ಕೇ ಸಣ್ಣ ಮಕ್ಕಳದ್ದು ಗೊತ್ತಾಗೋ ಹೊತ್ತಿಗೆ ಒಡೆದಿರೋದು ಜಾಸ್ತಿ. ಅಜ್ಜ–ಅಜ್ಜಿಯರಲ್ಲಿ ಉಲ್ಟಾ ಸಮಸ್ಯೆ, ನೋವೂ ಕಮ್ಮಿ ಜ್ವರವೂ ಕಮ್ಮಿ, ಒಳಗೆ ಮಾತ್ರ ದೊಡ್ಡದಾಗಿರ್ತದೆ. ಶುಗರ್ ಇರೋರೂ ಹಾಗೇ. ಬಸುರಿಯರಲ್ಲಿ ತಿಂಗಳು ತುಂಬ್ತಾ ಬಂದ ಹಾಗೆ ಅಪೆಂಡಿಕ್ಸ್ ಮೇಲಕ್ಕೆ ಸರಿಯೋದ್ರಿಂದ ನೋವೂ ಮೇಲೆ ಬರಬಹುದು, ಬಸುರಲ್ಲಿ ವಾಂತಿ ಸಹಜ ಅಂತ ಸುಮ್ಮನಾಗಬಾರದು.

ಹೆಣ್ಮಕ್ಕಳ ವಿಷಯ ಒಂದು ಬಿಡಿಸಿ ಹೇಳ್ತೇನೆ. ಮುಟ್ಟಿನ ನೋವು ಅಂತ ತಳ್ಳಿಹಾಕೋದು ನಮ್ಮ ಮನೆಗಳಲ್ಲಿ ತುಂಬಾ. ಬಲಗಡೆ ಕೆಳಗಿನ ನೋವು ಅಂಡಾಶಯ ತಿರುಚಿಕೊಂಡಿದ್ದೂ ಇರಬಹುದು, ಮುಟ್ಟು ತಪ್ಪಿದ್ರೆ ಗರ್ಭ ನಾಳದಲ್ಲಿ ಕೂತಿದ್ದೂ ಇರಬಹುದು, ಎರಡೂ ಅರ್ಜೆಂಟೇ, ಎರಡನೇದಂತೂ ಒಳಗೇ ರಕ್ತ ಸುರಿದು ಜೀವ ತೆಗೀತದೆ. ಕಡೆಯ ಮುಟ್ಟು ಯಾವಾಗ ಅಂತ ಡಾಕ್ಟ್ರು ಕೇಳೋದು ಅದಕ್ಕೇ, ಮದುವೆ ಆಗದವರನ್ನೂ ಕೇಳ್ತಾರೆ, ಪಕ್ಕದಲ್ಲಿ ನಿಂತ ದೊಡ್ಡವರು ಮುಖ ಸಿಂಡರಿಸದೆ ಸ್ವಲ್ಪ ಹೊತ್ತು ಹೊರಗೆ ಹೋದ್ರೆ ಉಪಕಾರ. ಗಂಡು ಹುಡುಗರು ನಾಚಿಕೆಗೆ ಹೊಟ್ಟೆನೋವು ಅಂತಾರೆ, ನೋವಿರೋದು ವೃಷಣದಲ್ಲಿ. ಅದು ತಿರುಚಿಕೊಂಡಿದ್ರೆ ಆರು ಗಂಟೆಯೊಳಗೆ ಸರಿ ಮಾಡಬೇಕು. ಕೇಳಿಬಿಡಿ.

ಮಾಡಬಾರದ್ದು

ಹರಳೆಣ್ಣೆ ಕೊಡಬೇಡಿ, ಹೊಟ್ಟೆ ಕಟ್ಟಿದೆ ಅಂತ ಭೇದಿ ಮಾತ್ರೆ ಬೇಡ, ಎನಿಮಾ ಬೇಡ. ಕರುಳು ಜೋರಾಗಿ ಹಿಂಡಿದ್ರೆ ಊದಿರೋ ಚೀಲ ಒಡೆಯೋ ಅಪಾಯ. ಬಿಸಿನೀರಿನ ಚೀಲ ಇಡೋದು, ತಿಕ್ಕೋದು ಕೂಡ ಬೇಡ. ಮನೆಯಲ್ಲಿ ಉಳಿದಿರೋ ಅರ್ಧ ಶೀಟ್ ಆಂಟಿಬಯಾಟಿಕ್ ಕೊಡೋದೂ ಬೇಡ. ಪೇನ್ ಕಿಲ್ಲರ್ ಬಗ್ಗೆ ಹಿಂದೆಲ್ಲ ಅದು ಲಕ್ಷಣ ಮುಚ್ಚಿಹಾಕ್ತದೆ ಅಂತ ಡಾಕ್ಟ್ರುಗಳೇ ಹೆದರ್ತಿದ್ರು, ಈಗ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡ್ತಾ ನೋವಿನ ಇಂಜೆಕ್ಷನ್ ಕೊಡ್ತಾರೆ, ಅದರಿಂದ ರೋಗ ಗುರುತಿಸೋಕೆ ತೊಂದರೆ ಇಲ್ಲ. ತೊಂದರೆ ಏನಂದ್ರೆ ಮನೆಯಲ್ಲಿ ಅದನ್ನ ನುಂಗಿ ಸ್ವಲ್ಪ ಆರಾಮಾಗಿ ಮತ್ತೊಂದು ರಾತ್ರಿ ಕಳೆಯೋದು.

ಅನುಮಾನ ಬಂದ ಮೇಲೆ ಬಾಯಿಗೆ ಏನೂ ಹಾಕಬೇಡಿ. ಗಂಜಿ, ಎಳನೀರು, ಮುರುಗಲು ಶರಬತ್ತು, ದಾರಿಯ ಹೋಟೆಲ್ ಚಾ, ಏನೂ ಬೇಡ. ಆಪರೇಷನ್‌ಗೆ ಮತ್ತಿನ ಔಷಧ ಕೊಡುವಾಗ ಹೊಟ್ಟೆಯಲ್ಲಿ ಊಟ ಇದ್ರೆ ಅದು ಶ್ವಾಸಕೋಶಕ್ಕೆ ಹೋಗೋ ಅಪಾಯ, ಅದಕ್ಕೇ ಗಟ್ಟಿ ಊಟ ಆಗಿ ಆರು ಗಂಟೆ ಕಾಯ್ತಾರೆ. ಬಾಯಿ ಒಣಗಿದ್ರೆ ತುಟಿ ಒದ್ದೆ ಮಾಡಿ. ಶುಗರ್, ಬಿಪಿ, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಶೀಟನ್ನೇ ಜೊತೆಗೆ ಒಯ್ಯಿರಿ.

ಯಾವಾಗ ಹೊರಡೋದು, ಎಲ್ಲಿಗೆ

ನಾಲ್ಕೈದು ಗಂಟೆಯಾದ್ರೂ ಬಿಡದೆ ಏರ್ತಾನೇ ಇರೋ ನೋವು, ಅದರ ಜೊತೆ ಊಟ ಸೇರದೇ ಇರೋದು, ಅಥವಾ ನೋವು ಬಲಗಡೆಗೆ ಸರಿದಿದ್ದು, ಅಥವಾ ನಡೆದ್ರೆ ಕೆಮ್ಮಿದ್ರೆ ನೋವು. ಇಷ್ಟಿದ್ರೆ ಅವತ್ತೇ ಹೋಗಿ, ರಾತ್ರಿ ಆದ್ರೆ ರಾತ್ರಿಯೇ.

ಹೊಟ್ಟೆ ಹಲಗೆ ಹಾಗೆ ಗಟ್ಟಿ, ಜೋರು ಜ್ವರ ಚಳಿ, ತಲೆ ಸುತ್ತಿ ಬೀಳೋದು, ಹಸಿರು ವಾಂತಿ, ಇಲ್ಲಾ ಜೋರಾಗಿದ್ದ ನೋವು ಥಟ್ ಅಂತ ಕಮ್ಮಿಯಾಗಿ ಮೈ ಬಿಸಿ ಏರೋದು, ಇವು ಬಂದ್ರೆ ಸೀದಾ 108.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಎಲ್ಲಿಗೆ ಅನ್ನೋ ಪ್ರಶ್ನೆ ಬೇರೆ ಕಡೆ ಇದ್ದ ಹಾಗಲ್ಲ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಕ್ರಿಮ್ಸ್ ಇದೆ, ತಾಲೂಕುಗಳಲ್ಲಿ ಸರ್ಕಾರಿ ಆಸ್ಪತ್ರೆ, ಒಂದಿಷ್ಟು ಖಾಸಗಿ ಇದೆ, ಆದ್ರೂ ಸ್ವಲ್ಪ ದೊಡ್ಡದು ಅಂದ ಕೂಡ್ಲೇ ಭಟ್ಕಳದವರು ಸುಮಾರು 90 ಕಿ.ಮೀ. ದೂರದ ಮಣಿಪಾಲಕ್ಕೆ, ಕಾರವಾರದವರು ಗೋವಾದ ಬಾಂಬೋಳಿಗೆ, ಶಿರಸಿಯವರು ನೂರು ಕಿ.ಮೀ. ದೂರದ ಹುಬ್ಬಳ್ಳಿಗೆ ಹೊರಡ್ತಾರೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ನಾವು ಕೂಗಿದ್ದೂ ಕೂಗಿದ್ದೇ. ಆದ್ರೆ ಅಪೆಂಡಿಕ್ಸಿಗೆ ಸೂಪರ್ ಸ್ಪೆಷಾಲಿಟಿ ಬೇಡ ಮಾರಾಯ್ರೇ, ಒಬ್ಬರು ಸರ್ಜನ್, ಒಬ್ಬರು ಅನಸ್ತೇಸಿಯಾ ಡಾಕ್ಟ್ರು, ಒಂದು ಆಪರೇಷನ್ ಥಿಯೇಟರ್ ಇದ್ರೆ ಆಗ್ತದೆ. ಹಾಗಾಗಿ ಹೊರಡೋ ಮುಂಚೆ ಹತ್ತಿರದ ಆಸ್ಪತ್ರೆಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ, ಸರ್ಜನ್ ಈಗ ಇದ್ದಾರಾ, ಅನಸ್ತೇಸಿಯಾದವರು ಇದ್ದಾರಾ. ಇಬ್ಬರಲ್ಲಿ ಒಬ್ಬರು ಇಲ್ಲದ ಕಡೆ ಅಡ್ಮಿಟ್ ಆಗಿ ಗ್ಲೂಕೋಸ್ ಹಾಕ್ಕೊಂಡು ಮಲಗಿದ್ರೆ ಗಂಟೆ ಹೋಗ್ತದೆ, ಮತ್ತೆ ರೆಫರ್ ಮಾಡ್ತಾರೆ. ಫೋನ್ ಎತ್ತದಿದ್ರೆ ಕಾಯ್ಬೇಡಿ, ಹತ್ತಿರದ್ದಕ್ಕೇ ಹೋಗಿ. ರೋಗಿಯ ಸ್ಥಿತಿ ಕೆಟ್ಟಿದ್ರೂ ಹಾಗೇ, ಮೊದ್ಲು ಹತ್ತಿರದ್ದಕ್ಕೆ, ಅಲ್ಲಿ ಡ್ರಿಪ್, ಆಂಟಿಬಯಾಟಿಕ್ ಶುರುಮಾಡಿಸಿ ಆಮೇಲೆ ಮುಂದೆ.

ಮಳೆಗಾಲದಲ್ಲಿ ರಸ್ತೆ ತೆರೆದಿದೆಯಾ ಅಂತಲೂ ಕೇಳಿಕೊಳ್ಳಿ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಗಿದ್ದು, ಅದಾಗಿ ಮೂರು ವಾರಕ್ಕೆ ಕಾರವಾರದ ಹಳೇ ಕಾಳಿ ಸೇತುವೆ ಬಿದ್ದಿದ್ದು ಎಲ್ರಿಗೂ ನೆನಪಿದೆ. ಘಾಟಿ ಕೆಳಗಿನವರು, ಹೊಳೆ ದಾಟಿ ಬರಬೇಕಾದವರು ಬೇರೆಯವರಿಗಿಂತ ಅರ್ಧ ದಿನ ಮೊದಲೇ ತೀರ್ಮಾನ ಮಾಡಬೇಕು.

ಬೋಟಿನವರಿಗೆ ಒಂದು ಮಾತು. ಬೈತಖೋಲ, ಬೇಲೇಕೇರಿ, ತದಡಿಯಿಂದ ಆಳ ಸಮುದ್ರಕ್ಕೆ ಹೋದ್ರೆ ದಿನಗಟ್ಟಲೆ ಬರಲ್ಲ, ಹುಡುಗ ವಾಂತಿ ಮಾಡಿದ್ರೆ ಸಮುದ್ರ ಹೊಂದಿಲ್ಲ ಅಂತಾರೆ. ವಾಂತಿಗಿಂತ ಮುಂಚೆ ನೋವು ಇತ್ತಾ ಕೇಳಿ. ಇತ್ತು, ಬಲಗಡೆ ಇಳಿದಿದೆ ಅಂದ್ರೆ ಬಲೆ ಎತ್ತಿ ತಿರುಗಿ. ಕೋಸ್ಟ್ ಗಾರ್ಡ್ ತುರ್ತು ನಂಬರ್ 1554, ಮೊಬೈಲ್ ಸಿಗದ ಕಡೆ ಬೋಟಿನ ವಿಎಚ್‌ಎಫ್ ವೈರ್‌ಲೆಸ್ಸಲ್ಲಿ ಚಾನೆಲ್ 16.

ಆಸ್ಪತ್ರೆಯಲ್ಲಿ

ಡಾಕ್ಟ್ರು ಕೈಯಿಂದ ನೋಡೋದೇ ಮುಖ್ಯ, ಜೊತೆಗೆ ರಕ್ತದಲ್ಲಿ ಬಿಳಿಕಣ, ಮೂತ್ರ, ಹೆಂಗಸರಿಗೆ ಗರ್ಭದ ಟೆಸ್ಟ್, ಅಲ್ಟ್ರಾಸೌಂಡ್, ಬೇಕಾದ್ರೆ ಸಿಟಿ ಸ್ಕ್ಯಾನ್. ಸ್ಕ್ಯಾನಿಂಗಲ್ಲಿ ಅಪೆಂಡಿಕ್ಸ್ 6 ಮಿ.ಮೀ.ಗಿಂತ ದಪ್ಪ ಕಂಡ್ರೆ ಅನುಮಾನ ಗಟ್ಟಿ ಆಗ್ತದೆ. ಆದ್ರೆ ಗ್ಯಾಸ್ ಅಡ್ಡ ಬಂದು ಎಷ್ಟೋ ಸಲ ಅಪೆಂಡಿಕ್ಸ್ ಕಾಣೋದೇ ಇಲ್ಲ, ರಿಪೋರ್ಟಲ್ಲಿ ಹಾಗೇ ಬರೆದಿರ್ತಾರೆ, ಅದನ್ನ ನಾರ್ಮಲ್ ಅಂತ ಓದಿಕೊಂಡು ಮನೆಗೆ ಬರಬೇಡಿ. ಏನೂ ಖಾತ್ರಿ ಇಲ್ಲದೆ ಕಳಿಸಿದ್ರೆ, ಮತ್ತೆ ಎಷ್ಟು ಗಂಟೆಗೆ ಬಂದು ತೋರಿಸಬೇಕು ಅಂತ ಕೇಳಿಯೇ ಹೊರಗೆ ಬನ್ನಿ.

ಒಡೆಯದ ಸಾದಾ ಅಪೆಂಡಿಕ್ಸಿಗೆ ಕೆಲವರಲ್ಲಿ ಆಂಟಿಬಯಾಟಿಕ್ ಮಾತ್ರ ಕೊಟ್ಟು ನೋಡೋದೂ ಇದೆ. ಅಮೆರಿಕದಲ್ಲಿ 2020ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಹಾಗೆ ಮಾಡಿದವರಲ್ಲಿ ಹತ್ತಕ್ಕೆ ಸುಮಾರು ಮೂವರಿಗೆ 90 ದಿನದೊಳಗೆ ಆಪರೇಷನ್ ಬೇಕಾಗೇ ಬಂತು. ಆಸ್ಪತ್ರೆ ಪಕ್ಕದ ಮನೆಯವರಿಗೆ ಅದು ಸರಿ ಇರಬಹುದು, ಘಟ್ಟದ ಮೇಲೆ ಒಳಗಿನ ಊರಲ್ಲಿ ಇರೋರು, ತಿಂಗಳುಗಟ್ಟಲೆ ಬೋಟಲ್ಲಿರೋರು ತಮ್ಮ ಮನೆ ಎಲ್ಲಿದೆ ಅಂತ ಡಾಕ್ಟ್ರಿಗೆ ಹೇಳಿ ಆಮೇಲೆ ಮಾತಾಡಿಕೊಳ್ಳಿ. ನನ್ನ ಕೇಳಿದ್ರೆ ತೆಗೆಸಿಬಿಡೋದೇ ಆರಾಮು, ಆದ್ರೆ ಅದು ನನ್ನ ಅಭಿಪ್ರಾಯ ಅಷ್ಟೇ.

ಹೋಗುವಾಗ ರೇಷನ್ ಕಾರ್ಡು, ಆಧಾರ್ ಚೀಲದಲ್ಲಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಖರ್ಚು ಇದೆ, ಅಡ್ಮಿಟ್ ಆದ ದಿನವೇ ಆಸ್ಪತ್ರೆಯಲ್ಲಿ ಈ ಯೋಜನೆ ನೋಡಿಕೊಳ್ಳೋ ಆರೋಗ್ಯಮಿತ್ರರನ್ನ ಹುಡುಕಿ ಕೇಳಿ, ಡಿಸ್ಚಾರ್ಜ್ ದಿನ ಕೇಳಿದ್ರೆ ಬರೀ ಓಡಾಟ.

ಮನೆಗೆ ಬಂದ ಮೇಲೆ

ದುರ್ಬೀನಿನ ಆಪರೇಷನ್ ಆಗಿದ್ರೆ ಒಂದೆರಡು ದಿನಕ್ಕೆ ಮನೆ, ಒಡೆದಿದ್ರೆ ವಾರವೋ ಜಾಸ್ತಿಯೋ. ಜ್ವರ ಬಂದ್ರೆ, ಗಾಯ ಕೆಂಪಾಗಿ ಕೀವು ಬಂದ್ರೆ, ಹೊಟ್ಟೆ ಮತ್ತೆ ಉಬ್ಬಿದ್ರೆ, ವಾಂತಿ ನಿಲ್ಲದಿದ್ರೆ ವಾಪಸ್ ಹೋಗಿ. ತೆಗೆದ ಅಪೆಂಡಿಕ್ಸನ್ನ ಬಯಾಪ್ಸಿಗೆ ಕಳಿಸಿರ್ತಾರೆ, ಅಪರೂಪಕ್ಕೆ ಅದರಲ್ಲಿ ಗಡ್ಡೆ ಸಿಗೋದುಂಟು, ಆ ರಿಪೋರ್ಟ್ ತರೋಕೆ ಯಾರೂ ಹೋಗಲ್ಲ, ನೀವು ಹೋಗಿ.

ನಡೆದಾಡೋದು ಮಾರನೇ ದಿನದಿಂದಲೇ ಶುರುಮಾಡಬೇಕು, ಬಾಣಂತಿ ಹಾಗೆ ಮಲಗಿಸಬೇಡಿ. ಭಾರ ಎತ್ತೋದು, ಬಲೆ ಎಳೆಯೋದು, ಅಡಿಕೆ ಮರ ಹತ್ತೋದು ಮಾತ್ರ ನಾಲ್ಕರಿಂದ ಆರು ವಾರ ಡಾಕ್ಟ್ರು ಹೇಳೋವರೆಗೆ ಬೇಡ. ನನ್ನ ಗಾಯ ನೋಡಿ ನಮ್ಮೂರ ಅಡಿಕೆ ಕೊನೆ ಕೊಯ್ಯೋ ಕೊನೆಗೌಡ ನಂಗೂ ಆಗಿತ್ತು ಇದು ಅಂತ ಅಂಗಿ ಎತ್ತಿ ತೋರಿಸಿದ, ಅವನು ಇಪ್ಪತ್ತನೇ ದಿನಕ್ಕೇ ಕೊನೆಕೊಯ್ಲಿಗೆ ಮರ ಹತ್ತಿದ್ನಂತೆ, ಹೊಲಿಗೆ ಹಾಕಿದ ಜಾಗದಲ್ಲಿ ಮುಷ್ಟಿ ಗಾತ್ರದ ಹರ್ನಿಯಾ ಇತ್ತು.